ಜಪಾನಿನಲ್ಲಿ ಇ-ಸಿಮ್ ಬಳಸುವಾಗ ಭಾರತದ ನಂಬರಿಗೆ ಬ್ಯಾಂಕ್ ಓಟಿಪಿ ಬರುತ್ತದೆಯೇ?

ಜಪಾನಿಗೆ ಹೊರಟಿದ್ದೇನೆ, ಅಲ್ಲಿ ಡೇಟಾಕ್ಕೆ ಇ-ಸಿಮ್ (ಕಾರ್ಡ್ ಇಲ್ಲದೆ ನೇರ ಫೋನಿಗೇ ಇಳಿಸಿಕೊಳ್ಳುವ ಸಿಮ್) ಹಾಕಿಕೊಂಡರೆ ಇಲ್ಲಿನ ನಂಬರಿಗೆ ಓಟಿಪಿ ಬರುವುದು ನಿಂತುಹೋಗುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲಿನ ಸಿಮ್ಮನ್ನು ಫೋನಿನಿಂದ ತೆಗೆಯದೆ, ಆಫ್ ಮಾಡದೆ ಇಟ್ಟುಕೊಂಡರೆ ನಿಲ್ಲಬೇಕಾಗಿಲ್ಲ. ಪ್ರವಾಸಿಗರಿಗೆ ಮಾರುವ ಇ-ಸಿಮ್‌ಗಳಲ್ಲಿ ಹೆಚ್ಚಿನವು ಡೇಟಾಕ್ಕೆ ಮಾತ್ರ ಮೀಸಲಾಗಿದ್ದು, ಅವುಗಳ ಜೊತೆ ಕರೆಗೆ ಬಳಸುವಂಥ ನಂಬರೇ ಸಿಗುವುದಿಲ್ಲ. ಆದ್ದರಿಂದ ವಾಟ್ಸ್‌ಆ್ಯಪ್ ಕೂಡ ಹಳೆಯ ನಂಬರಿನಲ್ಲೇ ಮುಂದುವರಿಯುತ್ತದೆ. ಅದು ನಂಬರ್ ಬದಲಿಸಬೇಕೇ ಎಂದು ಕೇಳಿದರೆ ಬೇಡ ಎನ್ನಿ. ಹೊರಡುವ ಮೊದಲು ನಿಮ್ಮ ಮೊಬೈಲ್ ಕಂಪನಿಯ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಇದೆಯೇ, ಎಸ್ಸೆಮ್ಮೆಸ್ ಬರಲು ಪ್ಯಾಕ್ ಹಾಕಿಸಲೇಬೇಕೇ ಎಂಬುದನ್ನು ಖಚಿತಪಡಿಸಿಕೊಳ್ಳಿ, ಏಕೆಂದರೆ ಈ ನಿಯಮ ಕಂಪನಿಯಿಂದ ಕಂಪನಿಗೆ ಬೇರೆ.

ಹೆಚ್ಚಿನವರಿಗೆ ಗೊಂದಲವಾಗುವುದು ಡೇಟಾ ರೋಮಿಂಗ್ ವಿಷಯದಲ್ಲಿ. ಈ ಆಯ್ಕೆ ಎರಡೂ ಸಿಮ್‌ಗಳಿಗೆ ಪ್ರತ್ಯೇಕವಾಗಿರುತ್ತದೆ: ಭಾರತದ ಸಿಮ್ಮಿನಲ್ಲಿ ಅದನ್ನು ಆಫ್ ಮಾಡಬೇಕು, ಇಲ್ಲದಿದ್ದರೆ ಬಿಲ್ಲು ಏರುತ್ತದೆ, ಇ-ಸಿಮ್ಮಿನಲ್ಲಿ ಮಾತ್ರ ಸಾಮಾನ್ಯವಾಗಿ ಆನ್ ಮಾಡಲೇಬೇಕು, ಏಕೆಂದರೆ ಅಂಥ ಅನೇಕ ಇ-ಸಿಮ್‌ಗಳು ಬೇರೆ ದೇಶದ ಕಂಪನಿಗೆ ಸೇರಿದ್ದು, ಜಪಾನಿನ ನೆಟ್‌ವರ್ಕಿನಲ್ಲಿ ಅವೂ ಅತಿಥಿಗಳೇ. ಟೋಕಿಯೋದಲ್ಲಿ ಕುಳಿತಿದ್ದರೂ ಕೆಲವು ವೆಬ್‌ಸೈಟುಗಳು ನಿಮ್ಮನ್ನು ಸಿಂಗಪುರದಲ್ಲೋ ಹಾಂಗ್‌ಕಾಂಗ್‌ನಲ್ಲೋ ಇರುವವರೆಂದು ಭಾವಿಸುವುದೂ ಇದೇ ಕಾರಣಕ್ಕೆ. ಐಫೋನ್ ಆದರೆ ಒಂದು ಸಿಮ್ಮಿನ ಡೇಟಾ ದುರ್ಬಲವಾದಾಗ ತಾನಾಗಿ ಇನ್ನೊಂದಕ್ಕೆ ಹೊರಳುವ ಆಯ್ಕೆಯನ್ನೂ ಆಫ್ ಮಾಡಿ. ಪ್ಯಾಕ್ ಇಲ್ಲದೆ ಭಾರತದ ನಂಬರಿಗೆ ಬಂದ ಕರೆಯನ್ನು ಎತ್ತಿದರೂ ಹಣ ಹೋಗುತ್ತದೆ, ಮನೆಯವರಿಗೆ ವಾಟ್ಸ್‌ಆ್ಯಪ್‌ನಲ್ಲೇ ಕರೆ ಮಾಡಲು ಹೇಳಿಬಿಡಿ.

ಕೊಳ್ಳುವ ಮೊದಲು ಡಯಲ್ ಪ್ಯಾಡಿನಲ್ಲಿ *#06# ಒತ್ತಿ ನೋಡಿ. ಇಐಡಿ ಎಂಬ ಉದ್ದನೆಯ ಸಂಖ್ಯೆ ಕಂಡರೆ ಸಾಮಾನ್ಯವಾಗಿ ಆ ಫೋನಿಗೆ ಇ-ಸಿಮ್ ಸೌಲಭ್ಯವಿದೆ ಎಂದರ್ಥ. ಐಫೋನ್‌ಗಳಲ್ಲಿ ಇದು 2018ರ ಎಕ್ಸ್‌ಎಸ್ ಮತ್ತು ಎಕ್ಸ್‌ಆರ್ ಮಾದರಿಗಳಿಂದ ಬಂದಿದೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಇ-ಸಿಮ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕಾಗುವುದರಿಂದ ನಾನಂತೂ ಆ ಕೆಲಸವನ್ನು ಮನೆಯ ವೈಫೈನಲ್ಲೇ ಮುಗಿಸಿಕೊಂಡು ಹೊರಡುತ್ತೇನೆ. ಆದರೆ ಪ್ಯಾಕಿನ ಅವಧಿ ಇಳಿಸಿಕೊಂಡ ದಿನದಿಂದಲೋ, ಅಲ್ಲಿನ ನೆಟ್‌ವರ್ಕ್ ಸಿಕ್ಕ ದಿನದಿಂದಲೋ ಎಂಬುದನ್ನು ಓದಿಕೊಳ್ಳಿ. ನಡುವೆ ಸಿಗ್ನಲ್ ಕೈಕೊಟ್ಟಿತೆಂದು ಇ-ಸಿಮ್ಮನ್ನು ಅಳಿಸಬೇಡಿ. ಬಹುತೇಕ ಕೋಡ್‌ಗಳು ಒಮ್ಮೆ ಮಾತ್ರ ನಡೆಯುತ್ತವೆ. ಮೂರ್ನಾಲ್ಕು ಜನ ಸದಾ ಒಟ್ಟಿಗೇ ತಿರುಗುವುದಾದರೆ, ಜಪಾನಿನ ವಿಮಾನ ನಿಲ್ದಾಣಗಳಲ್ಲಿ ಬಾಡಿಗೆಗೆ ಸಿಗುವ ಪಾಕೆಟ್ ವೈಫೈ (ಹಲವರು ಹಂಚಿಕೊಳ್ಳಬಹುದಾದ, ಜೇಬಿನಲ್ಲಿಡುವ ಪುಟ್ಟ ವೈಫೈ ಸಾಧನ) ದರವನ್ನೂ ಒಮ್ಮೆ ಹೋಲಿಸಿ ನೋಡಿ.