ರೇಜ್‌ಗೆ ಕಿಲ್‌ಜಾಯ್ ಕಷ್ಟವೋ, ಸೈಫರ್ ಕಷ್ಟವೋ?

ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಈ ಅಂಕಣಕ್ಕೆ ದಾವಣಗೆರೆ, ಚಿತ್ರದುರ್ಗ ಕಡೆಯಿಂದ ವ್ಯಾಲೊರಂಟ್ ಎಂಬ ಕಂಪ್ಯೂಟರ್ ಶೂಟಿಂಗ್ ಆಟದ ಬಗ್ಗೆ ಪತ್ರಗಳು ಬಂದಿವೆ. ಹೆಚ್ಚಿನವು ಸುತ್ತುವುದು ಒಂದೇ ವಿಷಯದ ಸುತ್ತ: ನುಗ್ಗುವ ಪಾತ್ರ ರೇಜ್, ತಡೆಯುವ ಸೆಂಟಿನೆಲ್ ಪಾತ್ರಗಳಾದ ಕಿಲ್‌ಜಾಯ್ ಮತ್ತು ಸೈಫರ್. ಹಾಗಾಗಿ ಈ ಸಲ ಜಾಗವನ್ನೆಲ್ಲ ಅದಕ್ಕೇ ಕೊಟ್ಟಿದ್ದೇವೆ.

ಪ್ರಶ್ನೆ: ನಾನು ರೇಜ್ ಆಡುತ್ತೇನೆ. ಎದುರು ಟೀಮಿನಲ್ಲಿ ಕಿಲ್‌ಜಾಯ್ ಇದ್ದರೆ ನುಗ್ಗಿ ಬಾಂಬ್ ಇಡುವ ಸೈಟ್ ಹಿಡಿಯುತ್ತೇನೆ, ಸ್ಪೈಕ್ ಅಂದರೆ ಆ ಬಾಂಬ್ ಪ್ಲಾಂಟ್ ಆದಮೇಲೆ ರೌಂಡ್ ಕೈಬಿಟ್ಟು ಹೋಗುತ್ತದೆ. ಸೈಫರ್ ಇದ್ದರೆ ಬಾಗಿಲಲ್ಲೇ ಸಾಯುತ್ತೇನೆ. ನಾವು ಆಡುವ ಕೆಫೆಯ ಅಣ್ಣ ‘ಇಬ್ಬರೂ ಸೆಂಟಿನೆಲ್ ತಾನೆ, ಇಬ್ಬರಿಗೂ ಆಟ ಒಂದೇ’ ಅನ್ನುತ್ತಾರೆ. ಹೌದೇ?
— ವಿದ್ಯಾನಗರ, ದಾವಣಗೆರೆ

ಉತ್ತರ: ಅಣ್ಣನ ಮಾತು ಇಲ್ಲಿ ನಡೆಯುವುದಿಲ್ಲ. ನೀವು ಸೋಲುವ ಜಾಗಗಳೇ ಬೇರೆ ಬೇರೆ ಇವೆಯಲ್ಲ, ಎರಡು ಆಟದ ವ್ಯತ್ಯಾಸ ಅಲ್ಲೇ ಇದೆ. ಕಿಲ್‌ಜಾಯ್ ಎದುರು ರೇಜ್‌ಗೆ ಒಳಗೆ ಹೋಗುವುದು ಸುಲಭ, ಒಳಗೆ ಉಳಿಯುವುದು ಕಷ್ಟ. ಸೈಫರ್ ಎದುರು ಒಳಗೆ ಹೋಗುವುದೇ ಕಷ್ಟ. ಹೋದಮೇಲೆ ನಿಮ್ಮನ್ನು ಎಬ್ಬಿಸಲು ಅವನ ಬಳಿ ದೊಡ್ಡದೇನೂ ಇರುವುದಿಲ್ಲ.

ಮೊದಲು ಕಿಲ್‌ಜಾಯ್. ಅವಳ ಟರೆಟ್ (ತಾನೇ ಗುಂಡು ಹಾರಿಸುವ ಯಂತ್ರ), ಅಲಾರ್ಮ್‌ಬಾಟ್ (ಬೆನ್ನಟ್ಟುವ ಪುಟ್ಟ ಯಂತ್ರ), ನ್ಯಾನೋಸ್ವಾರ್ಮ್ (ಅಡಗಿಸಿಟ್ಟು ಬೇಕಾದಾಗ ಎಬ್ಬಿಸುವ ಗ್ರೆನೇಡ್) ಎಲ್ಲವೂ ಏಟಿಗೆ ಒಡೆಯುವ ವಸ್ತುಗಳು, ರೇಜ್ ಕೈಯಲ್ಲಿರುವುದೆಲ್ಲ ಒಡೆಯುವ ಸಾಮಾನು. ಈ ಜೋಡಿ ರೇಜ್ ಕಡೆಗೆ ವಾಲಿರುವುದು ಅದಕ್ಕೇ. ಆದರೆ ಯಾವುದನ್ನು ಯಾವುದರಿಂದ ಒಡೆಯಬೇಕು ಎಂಬಲ್ಲಿ ಬಹಳ ಜನ ಎಡವುತ್ತಾರೆ. ಟರೆಟ್ ಕಂಡ ಕೂಡಲೇ ಪೇಂಟ್ ಶೆಲ್ ಎಂಬ ಗ್ರೆನೇಡ್ ಎಸೆದುಬಿಡುತ್ತಾರೆ. ಟರೆಟ್‌ಗೆ ದೂರದಿಂದ ನಾಲ್ಕಾರು ಗುಂಡು ಸಾಕು. ದೂರ ಹೆಚ್ಚಾದಷ್ಟೂ ಅದರ ಏಟಿನ ಬಿರುಸೂ ಕಡಿಮೆ. ಶೆಲ್ ಒಂದೇ ಇರುತ್ತದೆ, ಎರಡು ಕಿಲ್ ಮಾಡುವವರೆಗೆ ಮತ್ತೆ ಸಿಗದು. ಅದನ್ನು ಬಾಗಿಲಲ್ಲಿ ಕಳೆದುಕೊಂಡರೆ ಪ್ಲಾಂಟ್ ಆದಮೇಲೆ ಕೈ ಖಾಲಿ.

ಅಲಾರ್ಮ್‌ಬಾಟ್ ದೂರಕ್ಕೆ ಕಾಣುವುದಿಲ್ಲ. ಹತ್ತಿರ ಹೋದಾಗ ಎದ್ದು ಬೆನ್ನಟ್ಟಿ ಸಿಡಿಯುತ್ತದೆ; ಅದರಿಂದ ನೇರವಾಗಿ ರಕ್ತ ಹೋಗದಿದ್ದರೂ ಆಮೇಲೆ ಬೀಳುವ ಪ್ರತಿ ಏಟೂ ಕೆಲವು ಸೆಕೆಂಡು ದುಪ್ಪಟ್ಟಾಗುತ್ತದೆ. ಲೆಕ್ಕ ಹಾಕಿ: ಹೆವಿ ಶೀಲ್ಡ್ ಹಾಕಿದ ನಿಮ್ಮದು ಜೀವ, ಶೀಲ್ಡ್ ಸೇರಿ ಒಟ್ಟು 150. ವ್ಯಾಂಡಲ್ ಗನ್ನಿನ ಗುಂಡು ಮೈಗೆ ಬಿದ್ದರೆ 40, ಅಂದರೆ ನಾಲ್ಕು ಗುಂಡು ಬೇಕು. ಅಲಾರ್ಮ್‌ಬಾಟ್ ತಗುಲಿದ ಮೇಲೆ ಅದೇ ಗುಂಡು 80, ಎರಡಕ್ಕೇ ಮುಗಿಯಿತು. ನ್ಯಾನೋ ಅದರ ಪಕ್ಕದಲ್ಲೇ ಅಡಗಿರುವುದು ಸಾಮಾನ್ಯ, ಅದೂ ಸೆಕೆಂಡಿಗೆ 45ರಂತೆ ಕೊರೆಯುತ್ತದೆ. ಹಾಗಾಗಿ ಬಾಗಿಲ ಒಳಮೂಲೆಗೆ ರೇಜ್‌ನ ಒಂದು ಸ್ಯಾಚೆಲ್ (ಅಂಟಿಕೊಂಡು, ಒತ್ತಿದಾಗ ಸಿಡಿಯುವ ಬಾಂಬ್) ಎಸೆದು ಸಿಡಿಸಿ. ಎಸೆದ ಕ್ಷಣವೇ ಸಿಡಿಸಿದರೆ ಪೂರ್ತಿ ಏಟು ಬರುವುದಿಲ್ಲ, ಅಂಟಿಕೊಂಡು ತುಸು ಹೊತ್ತು ಕಳೆಯಲಿ. ಇನ್ನೊಂದು ಸ್ಯಾಚೆಲ್ ಸಿಡಿಸಿ, ಅದರ ತಳ್ಳಾಟಕ್ಕೆ ಒಳಗೆ ಹಾರಿ.

ಕಿಲ್‌ಜಾಯ್ ಬಗ್ಗೆ ಬಹಳ ಜನ ಬಳಸಿಕೊಳ್ಳದ ಸಂಗತಿ ಒಂದಿದೆ. ಅವಳು 40 ಮೀಟರ್ ಆಚೆ ಹೋದರೆ ಟರೆಟ್, ಅಲಾರ್ಮ್‌ಬಾಟ್ ಎರಡೂ ಆರಿಹೋಗುತ್ತವೆ. ಟರೆಟ್ ಜೀವಂತವಾಗಿದೆ ಅಂದರೆ ಅವಳು ಆಸುಪಾಸಿನಲ್ಲೇ ಇದ್ದಾಳೆ. ತಲೆ ತಗ್ಗಿಸಿ ನಿಂತಿದೆ ಅಂದರೆ ಇನ್ನೊಂದು ಸೈಟಿಗೆ ಓಡಿದ್ದಾಳೆ, ಇಲ್ಲವೇ ಸತ್ತಿದ್ದಾಳೆ. ಇದನ್ನು ಕೂಡಲೇ ಟೀಮಿಗೆ ಕೂಗಿ ಹೇಳಿ. ಆರಿದ ಟರೆಟ್ ಕಂಡೂ ಸುಮ್ಮನಿರುವುದಕ್ಕಿಂತ ದೊಡ್ಡ ನಷ್ಟವಿಲ್ಲ.

ಇನ್ನು ನೀವು ಸೋಲುತ್ತಿರುವ ಜಾಗ. ಲಾಕ್‌ಡೌನ್ ಎಂಬ ಅಲ್ಟಿ (ಸುತ್ತಲಿನವರ ಕೈ ಕಟ್ಟಿಹಾಕುವ ಅವಳ ದೊಡ್ಡ ಅಸ್ತ್ರ) ಇರುವ ಕಿಲ್‌ಜಾಯ್, ಇಲ್ಲದ ಕಿಲ್‌ಜಾಯ್ ಇಬ್ಬರನ್ನೂ ಬೇರೆ ಬೇರೆ ಎದುರಾಳಿಗಳೆಂದೇ ಎಣಿಸಿ. ರೌಂಡ್ ಶುರುವಾಗುವ ಮುಂಚೆ ಟ್ಯಾಬ್ ಒತ್ತಿ ಅವಳ ಅಲ್ಟಿ ಸಿದ್ಧವಿದೆಯೇ ನೋಡುವುದು ಕಡ್ಡಾಯ. ಲಾಕ್‌ಡೌನ್ ಇಟ್ಟ 13 ಸೆಕೆಂಡಿಗೆ ಕೆಲಸ ಮಾಡುತ್ತದೆ, ಸಿಕ್ಕಿದವರು 8 ಸೆಕೆಂಡು ಗನ್ ಎತ್ತುವಂತಿಲ್ಲ. ಆ ಯಂತ್ರವನ್ನು ಒಡೆಯಬಹುದು, ನೀವು ಕಾಪಾಡಿಕೊಂಡ ಶೆಲ್ ಇರುವುದು ಈ ಕೆಲಸಕ್ಕೆ. ಶಬ್ದ ಕೇಳಿದ ಕೂಡಲೇ ಅದು ಎಲ್ಲಿದೆ ಎಂದು ಊಹಿಸಿ ಗೋಡೆಯ ಆಚೆಗೆ ಎಸೆಯಿರಿ. ಒಬ್ಬರೇ ಒಡೆಯಲಾಗದಿದ್ದರೆ ಶೆಲ್ ಜೊತೆಗೆ ಸ್ಯಾಚೆಲ್, ಅಥವಾ ಇನ್ನೊಬ್ಬರ ಗುಂಡು ಸೇರಲಿ.

ಒಡೆಯಲು ಆಗಲೇ ಇಲ್ಲ ಎಂದುಕೊಳ್ಳೋಣ. ಆಗ ಸೈಟ್ ಒಳಗೆ ಕೂತು ಸಿಕ್ಕಿಬೀಳಬೇಡಿ. ಸ್ಪೈಕ್ ಸಿಡಿಯಲು 45 ಸೆಕೆಂಡು. ಪ್ಲಾಂಟ್ ಆಗಿ 10 ಸೆಕೆಂಡಿಗೆ ಲಾಕ್‌ಡೌನ್ ಇಟ್ಟರು ಎನ್ನಿ, ಅದು ಹೊಡೆಯುವುದು 23ಕ್ಕೆ. ಅವರು ಆ ಕ್ಷಣವೇ ಬಂದು ಡಿಫ್ಯೂಸ್ ಹಿಡಿದರೂ, ಅಂದರೆ ಸ್ಪೈಕ್ ಆರಿಸಲು ಕೂತರೂ, 7 ಸೆಕೆಂಡು ಬೇಕು, 30ಕ್ಕೆ ಮುಗಿಯುತ್ತದೆ. ನೀವು ವಲಯದ ಅಂಚಿನಿಂದ ಹೊರಗೆ, ಆದರೆ ಸ್ಪೈಕ್ ಕಾಣುವ ಗೆರೆಯಲ್ಲಿ ನಿಂತಿದ್ದರೆ ಆ 7 ಸೆಕೆಂಡು ನಿಮ್ಮದು. ತೀರ ದೂರ ಓಡಿಹೋದರೆ ವಾಪಸ್ ಬರುವಷ್ಟರಲ್ಲಿ ಅರ್ಧ ಡಿಫ್ಯೂಸ್ ಆಗಿರುತ್ತದೆ. ಅರ್ಧಕ್ಕೆ, ಅಂದರೆ ಮೂರೂವರೆ ಸೆಕೆಂಡಿಗೆ ಬಂದದ್ದು ಹಾಗೇ ಉಳಿಯುತ್ತದೆ ಎಂಬುದು ನೆನಪಿರಲಿ. ಪ್ಲಾಂಟ್ ಮಾಡುವಾಗಲೇ ಹೊರಗಿನಿಂದ ಕಾಣುವಂತೆ ಮಾಡಿ. ಮೂಲೆಯಲ್ಲಿ ಬಚ್ಚಿಟ್ಟ ಸ್ಪೈಕ್ ಕಿಲ್‌ಜಾಯ್‌ಗೆ ಉಡುಗೊರೆ.

ಈಗ ಸೈಫರ್. ಇವನು ದಾರಿಗೆ ಅಡ್ಡ ಕಟ್ಟುವ ಬಲೆಯಂಥ ವೈರ್‌ಗೆ 40 ಮೀಟರ್ ಲೆಕ್ಕವಿಲ್ಲ. ಬಿ ಸೈಟಿನಲ್ಲಿ ವೈರ್ ಕಟ್ಟಿ ಎ ಸೈಟಿನಲ್ಲಿ ನಿಂತಿರಬಹುದು. ಬೈಂಡ್‌ನಂಥ ಮ್ಯಾಪಿನಲ್ಲಿ ಎರಡು ಸೈಟ್ ದೂರ ದೂರ, ನಡುವೆ ಮಿಡ್ ಎಂಬ ಮಧ್ಯದ ದಾರಿ ಇಲ್ಲ. ಅಲ್ಲಿ ಕಿಲ್‌ಜಾಯ್ ಒಂದೇ ಕಡೆ ಕಟ್ಟಿಬೀಳುತ್ತಾಳೆ, ಸೈಫರ್ ಎರಡೂ ಕಡೆ ಕಣ್ಣಿಡುತ್ತಾನೆ. ವೈರ್ ಇದೆ ಎಂಬುದರಿಂದ ಅವನು ಎಲ್ಲಿದ್ದಾನೆ ಎಂದು ಏನೂ ತಿಳಿಯದು.

ನೀವು ಬಾಗಿಲಲ್ಲೇ ಸಾಯುವುದು ಯಾಕೆಂದರೆ, ಸ್ಯಾಚೆಲ್‌ನ ವೇಗದಲ್ಲಿ ವೈರ್ ಕಾಣಿಸುವುದಿಲ್ಲ. ಸಿಕ್ಕಿಕೊಂಡರೆ ಅದು ಹಿಡಿದೆಳೆಯುತ್ತದೆ, ನಿಮ್ಮ ಆಕಾರ ಗೋಡೆಯ ಆಚೆಗೂ ಕಾಣುತ್ತದೆ, ಬೇಗ ಒಡೆಯದಿದ್ದರೆ ತಲೆ ತಿರುಗಿಸುತ್ತದೆ. ಆಗ ಎದುರಿನವನ ಕೈಯಲ್ಲಿ 3200 ಕ್ರೆಡಿಟ್‌ನ (ಆಟದೊಳಗಿನ ಹಣ) ಓಡಿನ್ ಮೆಷಿನ್ ಗನ್ ಇದ್ದರೆ ಗೋಡೆಯ ಮೂಲಕವೇ ಸುರಿಯುತ್ತಾನೆ.

ಅದಕ್ಕೇ ಸೈಫರ್ ಎದುರು ಮೊದಲು ನಡಿಗೆ, ಆಮೇಲೆ ಹಾರಾಟ. ಬಾಗಿಲ ಹತ್ತಿರ ಶಿಫ್ಟ್ ಒತ್ತಿ ನಿಧಾನಕ್ಕೆ ಹೋಗಿ ನಿಲ್ಲಿ. ಕ್ರಾಸ್‌ಹೇರ್ ತಲೆಯ ಮಟ್ಟದಲ್ಲೇ ಇರಲಿ, ಕಣ್ಣು ಮಾತ್ರ ಗೋಡೆಯಂಚಿಗೆ: ಮೊದಲು ಮೊಣಕಾಲ ಎತ್ತರ, ಆಮೇಲೆ ಎದೆಯ ಎತ್ತರ. ಹತ್ತಿರದಿಂದ ಒಂದು ಎಳೆಯಂಥ ಗೆರೆ, ಅದರ ತುದಿಯಲ್ಲಿ ಗೋಡೆಗೆ ಅಂಟಿದ ಪುಟ್ಟ ಬಿಲ್ಲೆ ಕಾಣುತ್ತದೆ. ಬಿಲ್ಲೆಗೆ ಗುಂಡು ಹೊಡೆದರೆ ವೈರ್ ಹೋಯಿತು. ಒಡೆದ ಶಬ್ದ, ಸುದ್ದಿ ಎರಡೂ ಸೈಫರ್‌ಗೆ ಮುಟ್ಟುತ್ತವೆ, ಹಾಗಾಗಿ ಒಡೆದ ಮೇಲೆ ಕಾಯಬೇಡಿ. ಒಂದೋ ಕೂಡಲೇ ನುಗ್ಗಿ, ಇಲ್ಲವೇ ಒಡೆದು ಬಿಟ್ಟು ಇನ್ನೊಂದು ಸೈಟಿಗೆ ತಿರುಗಿ. ನಡುವೆ ಐದಾರು ಸೆಕೆಂಡು ಅನುಮಾನ ಮಾಡಿದರೆ ಅವರ ಟೀಮೆಲ್ಲ ಅಲ್ಲಿ ಸೇರಿರುತ್ತದೆ.

ಟೀಮಿನಲ್ಲಿ ಕೇಯೋ ಎಂಬ ಪಾತ್ರವಿದ್ದರೆ ಎದುರಾಳಿಗಳ ಶಕ್ತಿ ತಡೆಯುವ ಅವನ ಚಾಕು ಸೈಟ್ ಮೇಲೆ ಬೀಳಲಿ. ಸೈಫರ್ ಆ ವಲಯದೊಳಗೆ ಸಿಕ್ಕರೆ ವೈರ್‌ಗಳೂ ಅಷ್ಟು ಹೊತ್ತು ಸತ್ತಂತೆ. ಸೈಫರ್ ಸತ್ತರಂತೂ ವೈರ್, ಕ್ಯಾಮೆರಾ ಎಲ್ಲವೂ ಕೆಟ್ಟವು. ಆದ್ದರಿಂದ ಇವನ ಎದುರು ವಸ್ತು ಒಡೆಯುವುದಕ್ಕಿಂತ ಮನುಷ್ಯನನ್ನು ಹುಡುಕುವುದು ಲಾಭ. ಪೇಂಟ್ ಶೆಲ್ ಅನ್ನು ಇಲ್ಲಿ ಉಳಿಸಿಟ್ಟುಕೊಳ್ಳಬೇಡಿ. ಅವನು ಯಾವಾಗಲೂ ಕೂರುವ ಮೂಲೆಗೆ ಎಸೆದು ಎಬ್ಬಿಸಿ, ಹಿಂದೆಯೇ ಹಾರಿ.

ನಮ್ಮನ್ನು ಒಂದೇ ಮಾತಿನಲ್ಲಿ ಹೇಳಿ ಎಂದರೆ, ರೇಜ್‌ಗೆ ಸೈಫರ್ ಹೆಚ್ಚು ಕಷ್ಟ. ಕಿಲ್‌ಜಾಯ್‌ಗೆ ಲಾಕ್‌ಡೌನ್ ಸಿದ್ಧವಿರುವ ರೌಂಡುಗಳಲ್ಲಿ ಮಾತ್ರ ಈ ತಕ್ಕಡಿ ತಿರುಗುತ್ತದೆ.

ಪ್ರಶ್ನೆ: ನಾನು ಸೈಫರ್. ಬಾಗಿಲಲ್ಲಿ ಎರಡೂ ವೈರ್ ಕಟ್ಟಿ ನಮ್ಮ ಓಬವ್ವನ ಹಾಗೆ ಪಕ್ಕದಲ್ಲೇ ಕಾಯುತ್ತೇನೆ. ರೇಜ್ ಮೇಲಿಂದ ಹಾರಿ ಬಂದು ಹೊಡೆದುಹಾಕುತ್ತಾಳೆ. ಏನು ಮಾಡಲಿ?
— ಕೋಟೆ ರಸ್ತೆ, ಚಿತ್ರದುರ್ಗ

ಉತ್ತರ: ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಒಬ್ಬೊಬ್ಬರೇ ತಲೆ ತೂರಿಸಿ ತೆವಳಿ ಬರಬೇಕಿತ್ತು, ಓಬವ್ವನ ಒನಕೆಗೆ ಅದೇ ಅನುಕೂಲ. ರೇಜ್ ತೆವಳುವವಳಲ್ಲ. ಒಂದು ವೈರ್ ಬಾಗಿಲಲ್ಲಿರಲಿ, ಸುದ್ದಿಗೆ. ಇನ್ನೊಂದು ಅವಳು ಇಳಿಯುವ ಜಾಗದಲ್ಲಿ, ಒಳಗೆ ಬರಲಿ. ಎರಡು ಸ್ಯಾಚೆಲ್ ಹಾಕಿದವಳು ಸಾಮಾನ್ಯವಾಗಿ ಸೈಟಿನ ಮೊದಲ ಪೆಟ್ಟಿಗೆಯ ಆಚೆಗೆ ಇಳಿಯುತ್ತಾಳೆ. ಆ ಪೆಟ್ಟಿಗೆಗೂ ಗೋಡೆಗೂ ನಡುವೆ ಎದೆಯ ಎತ್ತರಕ್ಕೆ ಕಟ್ಟಿ. ಗಾಳಿಯಲ್ಲಿರುವಾಗ ಗುಂಡು ಚೆಲ್ಲಾಪಿಲ್ಲಿ, ಇಳಿದ ಮೇಲೇ ಅವಳ ಗುರಿ ಕೂರುವುದು. ಆ ಅರೆಗಳಿಗೆಯಲ್ಲಿ ವೈರ್ ಹಿಡಿದರೆ ನಿಮ್ಮ ಕೆಲಸ ಆಯಿತು.

100 ಕ್ರೆಡಿಟ್‌ನ, ಕಣ್ಣಿಗೆ ಮರೆ ಕಟ್ಟುವ ಕೇಜ್ ಅನ್ನು ಬಾಗಿಲಿಗೆ ಇಡುವ ಬದಲು ಅದೇ ಇಳಿಯುವ ಜಾಗಕ್ಕೆ ಇಟ್ಟು, ಸ್ಯಾಚೆಲ್ ಶಬ್ದ ಕೇಳಿದಾಗ ಎಬ್ಬಿಸಿ, ಕುರುಡಾಗಿ ಇಳಿಯುತ್ತಾಳೆ. ನೀವು ಬಾಗಿಲಿಂದ ದೂರ, ಶೆಲ್ ಬಿದ್ದರೆ ಹಿಂದೆ ಸರಿಯಲು ದಾರಿಯಿರುವ ಕಡೆ ನಿಲ್ಲಿ. ನೀವು ಸತ್ತರೆ ಕಟ್ಟಿದ್ದೆಲ್ಲ ಸಾಯುತ್ತದೆ, ಆದ್ದರಿಂದ ಮೊದಲು ಇಣುಕಿ ಹೊಡೆಯುವ ಆಸೆ ಬೇಡ. ಇನ್ನೊಂದು: ವೈರ್ ಒಂದೇ ಕಡೆ ಸತತ ಎರಡು ರೌಂಡಿಗಿಂತ ಹೆಚ್ಚು ಇರಬಾರದು. ಮೂರನೇ ಸಲ ಬರುವವರು ನೋಡದೆಯೇ ಬಿಲ್ಲೆಗೆ ಹೊಡೆದು ಬರುತ್ತಾರೆ.

ಪ್ರಶ್ನೆ: ಕಿಲ್‌ಜಾಯ್ ಆಡುವ ನನ್ನ ಸಾಮಾನನ್ನೆಲ್ಲ ರೇಜ್ ಶುರುವಿನಲ್ಲೇ ಒಡೆದುಬಿಡುತ್ತಾಳೆ. ಪಿಸ್ತೂಲ್ ರೌಂಡಿನಲ್ಲಿ ಏನು ಕೊಳ್ಳಲಿ?
— ಹರಿಹರ

ಉತ್ತರ: ಒಡೆಯಲಿ ಬಿಡಿ, ಅವಳ ಕೈಯದೂ ಖರ್ಚಾಗಿದೆ ಎಂಬುದನ್ನು ಎಣಿಸುವುದು ಕಲಿಯಿರಿ. ಟರೆಟ್ ಒಡೆಯಲು ಶೆಲ್ ಬಂತೆಂದರೆ ನಿಮ್ಮ ಬಿಟ್ಟಿ ಟರೆಟ್‌ಗೆ ಅವಳು ಒಳ್ಳೆಯ ಬೆಲೆ ಕೊಟ್ಟಳು. ಅಲಾರ್ಮ್‌ಬಾಟ್, ನ್ಯಾನೋ ಒಂದೇ ಮೂಲೆಯಲ್ಲಿಟ್ಟರೆ ಒಂದೇ ಸ್ಯಾಚೆಲ್‌ಗೆ ಎರಡೂ ಹೋಗುತ್ತವೆ, ನಾಲ್ಕಾರು ಹೆಜ್ಜೆ ಅಂತರ ಇಡಿ. ಒಂದು ನ್ಯಾನೋ ಯಾವಾಗಲೂ ಪ್ಲಾಂಟ್ ಜಾಗಕ್ಕೆ ಮೀಸಲು: ಪ್ಲಾಂಟ್‌ಗೆ 4 ಸೆಕೆಂಡು ಬೇಕು, ನಡುವೆ ಎಬ್ಬಿಸಿದರೆ ಬಿಟ್ಟು ಏಳಲೇಬೇಕು.

ಪಿಸ್ತೂಲ್ ರೌಂಡಿನ 800 ಕ್ರೆಡಿಟ್‌ನಲ್ಲಿ ಎರಡು ನ್ಯಾನೋ 400, ಲೈಟ್ ಶೀಲ್ಡ್ 400. ರೇಜ್ ಕೂಡ ಎರಡು ಸ್ಯಾಚೆಲ್ 400, ಶೀಲ್ಡ್ 400 ಎಂದೇ ಬರುವುದು ಹೆಚ್ಚು.

ಪ್ರಶ್ನೆ: ಇದನ್ನೆಲ್ಲ ರ‍್ಯಾಂಕ್ ಕಳೆದುಕೊಳ್ಳದೆ ಅಭ್ಯಾಸ ಮಾಡುವುದು ಹೇಗೆ?
— ಚಳ್ಳಕೆರೆ

ಉತ್ತರ: ಕಸ್ಟಮ್ ಗೇಮ್ ತೆರೆದು ಚೀಟ್ಸ್ ಆನ್ ಮಾಡಿ. ಆಟ ಶುರುವಾದಮೇಲೆ ಎಸ್ಕೇಪ್ ಮೆನುವಿನಲ್ಲಿ ಇನ್‌ಫಿನಿಟ್ ಎಬಿಲಿಟೀಸ್ ಹಾಕಿಕೊಳ್ಳಿ, ಸ್ಯಾಚೆಲ್ ಮುಗಿಯುವುದಿಲ್ಲ. ಮೊದಲು ಒಂದೇ ಸ್ಯಾಚೆಲ್: ಕಾಲ ಬುಡಕ್ಕಿಂತ ತುಸು ಹಿಂದೆ ಎಸೆದು, ಜಿಗಿದು, ಜಿಗಿತದ ಆರಂಭದಲ್ಲೇ ಸಿಡಿಸಿ. ಜಿಗಿಯುವ ಮುಂಚೆ ಸಿಡಿಸಿದರೆ ಎತ್ತರ ಬರದು, ತಡವಾದರೆ ದೂರ ಬರದು. ನಿಮ್ಮ ಸ್ಯಾಚೆಲ್ ಸಿಡಿದದ್ದಕ್ಕೆ ನಿಮಗೇ ಏಟಿಲ್ಲ. ಎತ್ತರದಿಂದ ಬಿದ್ದರೆ ಏಟುಂಟು. ಇದು ಕೈಗೆ ಕೂತ ಮೇಲೆ ಮಾತ್ರ ಎರಡನೆಯದು. ಗೆಳೆಯರೊಬ್ಬರು ಸೈಫರ್ ಆಗಿ ಬಂದು ವೈರ್ ಕಟ್ಟಲಿ, ನೀವು ಬಿಲ್ಲೆ ಹುಡುಕಿ ಒಡೆಯಿರಿ. ಆಮೇಲೆ ಪಾತ್ರ ಅದಲುಬದಲು ಮಾಡಿ. ಕಟ್ಟುವವರ ಕಣ್ಣಿಂದ ನೋಡಿದರೆ ಎಲ್ಲಿ ಕಟ್ಟುತ್ತಾರೆ ಎಂಬುದು ಬೇಗ ಹಿಡಿಯುತ್ತದೆ.

ಪ್ರಶ್ನೆ: ಸ್ಯಾಚೆಲ್ ಒತ್ತಿದರೆ ಒಮ್ಮೊಮ್ಮೆ ತಡವಾಗಿ ಸಿಡಿಯುತ್ತದೆ. ಮೌಸ್ ಕೆಟ್ಟಿದೆಯೇ?
— ಹೊಳಲ್ಕೆರೆ

ಉತ್ತರ: ಮೌಸ್ ಬದಲಿಸುವ ಮುಂಚೆ ಸೆಟ್ಟಿಂಗ್ಸ್‌ನ ವಿಡಿಯೊ ವಿಭಾಗದಲ್ಲಿ ಸ್ಟ್ಯಾಟ್ಸ್ ತೆರೆದು ನೆಟ್‌ವರ್ಕ್ ಆರ್‌ಟಿಟಿ (ಸರ್ವರ್‌ಗೆ ಹೋಗಿಬರುವ ಸಮಯ), ಪ್ಯಾಕೆಟ್ ಲಾಸ್ (ದಾರಿಯಲ್ಲಿ ಕಳೆದುಹೋಗುವ ಮಾಹಿತಿ) ಎರಡಕ್ಕೂ ಗ್ರಾಫ್ ಹಾಕಿ ಆಡಿ. ಗೆರೆ ಸಮವಾಗಿದ್ದೂ ತಡವಾದರೆ ಮೌಸ್ ಅಥವಾ ಕೀಬೋರ್ಡ್ ನೋಡಿ. ಗೆರೆ ಆಗಾಗ ಮೇಲೆ ಚಿಮ್ಮುತ್ತಿದ್ದರೆ ವೈಫೈ ಬಿಟ್ಟು ರೂಟರ್‌ನಿಂದ ನೇರ ಲ್ಯಾನ್ ವೈರ್ ಎಳೆಯಿರಿ, ಸರ್ವರ್ ಮುಂಬೈ ಆಯ್ಕೆಯಾಗಿದೆಯೇ ನೋಡಿ. ಕರೆಂಟ್ ಹೋದಾಗ ಕಂಪ್ಯೂಟರ್ ಯುಪಿಎಸ್‌ನಲ್ಲಿ ನಿಂತು ರೂಟರ್ ಆರಿಹೋಗುವುದು ಹಲವು ಮನೆಗಳ ಕಥೆ. ರೂಟರ್ ಮತ್ತು ಫೈಬರ್ ಪೆಟ್ಟಿಗೆಯ ಪ್ಲಗ್ ಎರಡೂ ಅದೇ ಯುಪಿಎಸ್‌ಗೆ ಹೋಗಲಿ.