ಗ್ರೇಡ್ ಇಲ್ಲದ ಕಾಲೇಜು: ನಿಮ್ಮ ಮಗಳ ಪ್ರಶ್ನೆಗೆ

ನಮಸ್ಕಾರ. ಮಗಳಿಗೆ ಅಮೆರಿಕದ ಎವರ್‌ಗ್ರೀನ್ ಸ್ಟೇಟ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ, ಅಲ್ಲಿ ಗ್ರೇಡೇ ಕೊಡೋದಿಲ್ಲ, ಮುಂದೆ ಎಂಎಸ್‌ಗೆ ತೊಂದರೆ ಆಗುತ್ತಾ ಅಂತ ಕೇಳಿದ್ದೀರಿ. ಅಷ್ಟಕ್ಕೇ ಸೀಟು ಬಿಡಬೇಡಿ. ಅದು ವಾಷಿಂಗ್ಟನ್ ರಾಜ್ಯದ ಸರ್ಕಾರಿ ಕಾಲೇಜು, 1971ರಲ್ಲಿ ತರಗತಿಗಳು ಶುರುವಾದಾಗಿನಿಂದ ಇದೇ ಪದ್ಧತಿ.

ಎ, ಬಿ ಬದಲು ಮೇಷ್ಟ್ರು ಬರೆದು ಕೊಡುತ್ತಾರೆ: ಏನು ಓದಿದಳು, ಪ್ರಬಂಧದಲ್ಲಿ ವಾದ ಎಲ್ಲಿ ಗಟ್ಟಿಯಾಗಿತ್ತು, ಲ್ಯಾಬಿನಲ್ಲಿ ಎಲ್ಲಿ ಎಡವಿದಳು. ತನ್ನ ಕಲಿಕೆಯ ಬಗ್ಗೆ ಅವಳೂ ಬರೆಯಬೇಕು. ಹದಿನೆಂಟರ ಹುಡುಗಿಗೆ ಅದು ಸುಲಭ ಅಲ್ಲ, ಆದರೆ ನನಗೆ ತುಂಬಾ ಇಷ್ಟವಾದ ಭಾಗ ಅದೇ. ಸುಮ್ನೆ ಪಾಸು ಮಾಡುತ್ತಾರೆ ಅಂದುಕೊಳ್ಳಬೇಡಿ. ಕೆಲಸ ಮುಗಿಸದಿದ್ದರೆ ಕ್ರೆಡಿಟ್ ಸಿಗೋದಿಲ್ಲ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಕ್ರೂಜ್ ಕ್ಯಾಂಪಸ್ಸೂ 1965ರಲ್ಲಿ ಹೀಗೇ ಶುರುವಾಗಿತ್ತು. 2000ದಲ್ಲಿ ಅಲ್ಲಿನ ಅಧ್ಯಾಪಕರೇ ಮತ ಹಾಕಿ ಗ್ರೇಡ್ ಕಡ್ಡಾಯ ಮಾಡಿದರು. ದೊಡ್ಡ ತರಗತಿಯಲ್ಲಿ ಒಬ್ಬೊಬ್ಬರ ಬಗ್ಗೆಯೂ ಬರೆಯೋದು ಕಷ್ಟ ಅಲ್ವಾ?

ಅಮೆರಿಕದಲ್ಲೇ ಎಂಎಸ್ ಮಾಡುವುದಾದರೆ ನನಗೆ ಜಾಸ್ತಿ ಚಿಂತೆ ಇಲ್ಲ. ಊರಿಗೆ ಬಂದು ಓದುವುದಾದರೆ ಅರ್ಜಿಯಲ್ಲಿ ಶೇಕಡಾವಾರು ಅಂಕ ಬರೆಯುವ ಜಾಗ ಇರುತ್ತದೆ, ಅಲ್ಲೇ ತೊಡಕು. ಅವಳು ಸೇರಬೇಕೆಂದಿರುವ ವಿಶ್ವವಿದ್ಯಾಲಯಕ್ಕೆ ಈಗಲೇ ಇಮೇಲ್ ಮಾಡಿ, ಜಿಪಿಎ, ಅಂದರೆ ಗ್ರೇಡ್‌ಗಳ ಸರಾಸರಿ, ಇಲ್ಲದ ಟ್ರಾನ್ಸ್‌ಕ್ರಿಪ್ಟ್ (ಕಾಲೇಜು ಕೊಡುವ ಓದಿನ ದಾಖಲೆ) ನಡೆಯುತ್ತಾ ಅಂತ ಕೇಳಿ. ಉತ್ತರ ಲಿಖಿತವಾಗಿ ಬರಲಿ.