ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದೆ, ಹಳೆಯದೇ ವಾಸಿ ಅನ್ನಿಸ್ತಿದೆ

"ಡ್ರೈವರ್ ಸರಿಯಿಲ್ಲ" ಎಂಬ ಒಂದೇ ದೂರು ಈ ಸಲವೂ ಹತ್ತು ವೇಷ ತೊಟ್ಟು ಬಂದಿದೆ. ಹೋದ ಸಲ ಚುಟುಕಾಗಿ ಉತ್ತರಿಸಿದ್ದೆ, ಸಾಲಲಿಲ್ಲವೆಂದು ಕಾಣುತ್ತದೆ. ಹಾಗಾಗಿ ಇವತ್ತು ಒಂದೇ ಪ್ರಶ್ನೆಗೆ ಹೆಚ್ಚು ಜಾಗ. ಕಾರ್ಡ್ ಕೂರಿಸುವುದು ಹೇಗೆ, ಪವರ್ ಸಪ್ಲೈ ಎಷ್ಟು ವಾಟ್ ಇರಬೇಕು ಎಂದು ಕೇಳಿದವರು ಡಬ್ಬದ ಮೇಲೆ ಬರೆದದ್ದನ್ನು ಓದಿಕೊಳ್ಳಿ.

ಪ್ರಶ್ನೆ: ನನ್ನದು ರೈಜನ್ 5 2600 ಪ್ರೊಸೆಸರ್ ಇರುವ ಹಳೆಯ ಪಿಸಿ. ಇಂಟೆಲ್ ಆರ್ಕ್ ಬಿ580 ಗ್ರಾಫಿಕ್ಸ್ ಕಾರ್ಡ್ ಹಾಕಿದೆ. ವಿಮರ್ಶೆಗಳಲ್ಲಿ ತೋರಿಸಿದ ಫ್ರೇಮ್ ರೇಟ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಹತ್ತಿರಕ್ಕೂ ಬರುತ್ತಿಲ್ಲ, ಕೆಲವು ಗೇಮ್‌ಗಳು ತಡೆತಡೆದು ಓಡುತ್ತವೆ. ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿ ನೋಡಿದೆ. ಡ್ರೈವರ್ ಯಾವಾಗ ಸರಿಹೋಗುತ್ತದೆ ಸರ್?

ವಿಂಡೋಸ್ ಎರಡೆರಡು ಸಲ ಹಾಕಿ ಎಂದು ಯಾರು ಹೇಳಿಕೊಟ್ಟರೋ! ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ಡ್ರೈವರ್ ಮೇಲಿನ ನಿಮ್ಮ ದೂರು ಅರ್ಧ ನಿಜ. ಉಳಿದರ್ಧ ನಿಮ್ಮ ಪಿಸಿಯೊಳಗೇ ಇದೆ.

ಗೇಮ್ ಕೊಡುವ ಒಂದೊಂದು ಆಜ್ಞೆಯನ್ನೂ ಕಾರ್ಡಿಗೆ ತಿಳಿಯುವ ಮಾತಿಗೆ ತಿರುಗಿಸುವುದು ಡ್ರೈವರ್. ಈ ಕೆಲಸ ನಡೆಯುವುದು ಕಾರ್ಡಿನಲ್ಲಲ್ಲ, ಪ್ರೊಸೆಸರ್‌ನಲ್ಲಿ. ಎನ್ವಿಡಿಯಾ, ಎಎಂಡಿ ಡ್ರೈವರ್‌ಗಳನ್ನು ದಶಕಗಳಿಂದ ತಿದ್ದಿ ತೀಡಲಾಗಿದೆ. ಇಂಟೆಲ್ ಆರ್ಕ್ ಕಾರ್ಡುಗಳು ಬಂದದ್ದೇ 2022ರಲ್ಲಿ. ಅದರ ಡ್ರೈವರ್ ಒಂದೊಂದು ಫ್ರೇಮಿಗೂ ಪ್ರೊಸೆಸರ್‌ನಿಂದ ಹೆಚ್ಚು ದುಡಿಸಿಕೊಳ್ಳುತ್ತದೆ. 2024ರ ಡಿಸೆಂಬರ್‌ನಲ್ಲಿ ಬಿ580 ಬಂದಾಗ ಹೊಗಳಿಕೆಯ ಸುರಿಮಳೆಯಾಯಿತು. ಹೊಗಳಿದವರು ಅದನ್ನು ಓಡಿಸಿದ್ದು ಆಗ ಸಿಗುತ್ತಿದ್ದ ಅತಿ ವೇಗದ ಪ್ರೊಸೆಸರ್‌ಗಳ ಜೊತೆ. 2025ರ ಜನವರಿಯಲ್ಲಿ ಅದೇ ಕಾರ್ಡನ್ನು ಹಳೆಯ ಪ್ರೊಸೆಸರ್‌ಗಳಿಗೆ ಜೋಡಿಸಿ ನೋಡಿದಾಗ ಬಣ್ಣ ಬಯಲಾಯಿತು. ನಿಮ್ಮ 2600 ಬಿಡಿ, ರೈಜನ್ 5 5600ರಲ್ಲೂ ಕೆಲವು ಗೇಮ್‌ಗಳು ಮುಗ್ಗರಿಸಿದವು. ವೇಗದ ಪ್ರೊಸೆಸರ್ ಇದ್ದಾಗ ಎನ್ವಿಡಿಯಾದ ಆರ್‌ಟಿಎಕ್ಸ್ 4060 ಅನ್ನು ಹಿಂದೆ ಹಾಕಿದ್ದ ಕಾರ್ಡ್, ಹಳೆಯದರಲ್ಲಿ ಅದಕ್ಕಿಂತ ಹಿಂದೆ ಬಿತ್ತು.

ನಿಮ್ಮ ರೋಗ ಇದೇನಾ ಎಂದು ತಿಳಿಯಲು ಐದು ನಿಮಿಷ ಸಾಕು. ಗೇಮ್‌ನ ಒಂದೇ ಜಾಗದಲ್ಲಿ ನಿಂತು ಫ್ರೇಮ್ ರೇಟ್ ಗುರುತು ಹಾಕಿಕೊಳ್ಳಿ. ಈಗ ರೆಸಲ್ಯೂಷನ್ 1440ಪಿಯಿಂದ 1080ಪಿಗೆ ಇಳಿಸಿ, ಅಲ್ಲೇ ನಿಂತು ಮತ್ತೆ ನೋಡಿ. ಅಂಕಿ ಏರಿದರೆ ಕಾರ್ಡಿನ ಮಿತಿ. ಕದಲದಿದ್ದರೆ ಕಾರ್ಡ್ ಕೈಕಟ್ಟಿ ಕೂತು ಪ್ರೊಸೆಸರ್‌ಗಾಗಿ ಕಾಯುತ್ತಿದೆ ಎಂದರ್ಥ. ಇತ್ತೀಚೆಗೆ ನನ್ನ ಮೇಜಿಗೆ ಬಂದ ಇಂಥದ್ದೇ ಪಿಸಿಯಲ್ಲಿ 720ಪಿವರೆಗೆ ಇಳಿಸಿದರೂ ಅಂಕಿ ಅಲ್ಲೇ ಇತ್ತು. ಕಾರ್ಡಿನ ಫ್ಯಾನ್ ತಿರುಗಿದ್ದೂ ಕೇಳಿಸಲಿಲ್ಲ, ಪ್ರೊಸೆಸರ್ ಫ್ಯಾನ್ ಮಾತ್ರ ಬೊಬ್ಬಿಡುತ್ತಿತ್ತು.

ಇನ್ನೊಂದು ಕಾರಣ ರೀಸೈಜಬಲ್ ಬಾರ್. ಕಾರ್ಡಿನ ಮೆಮೊರಿಯನ್ನು ಪ್ರೊಸೆಸರ್ ನೋಡುವುದು ಒಂದು ಕಿಟಕಿಯ ಮೂಲಕ. ಹಳೆಯ ಕ್ರಮದಲ್ಲಿ ಆ ಕಿಟಕಿ 256 ಎಂಬಿ ಮಾತ್ರ. ಬಿ580ಯಲ್ಲಿ ಇರುವುದು 12 ಜಿಬಿ. ಅಷ್ಟನ್ನೂ ಆ ಸಂದಿಯಲ್ಲೇ ತುಂಡು ತುಂಡಾಗಿ ಸಾಗಿಸಬೇಕು. ರೀಸೈಜಬಲ್ ಬಾರ್ ಚಾಲೂ ಇದ್ದರೆ ಇಡೀ ಮೆಮೊರಿ ಒಟ್ಟಿಗೇ ತೆರೆದುಕೊಳ್ಳುತ್ತದೆ. ಬೇರೆ ಕಂಪನಿಯ ಕಾರ್ಡಿಗೆ ಇದು ಸಿಕ್ಕರೆ ಲಾಭ, ಸಿಗದಿದ್ದರೂ ನಡೆಯುತ್ತದೆ. ಆರ್ಕ್‌ಗೆ ಇದಿಲ್ಲದೆ ಆಗುವುದೇ ಇಲ್ಲ. ಇಂಟೆಲ್ ತನ್ನ ಪಟ್ಟಿಯಲ್ಲಿ 10ನೇ ತಲೆಮಾರಿನ ಕೋರ್ ಅಥವಾ ರೈಜನ್ 3000ರಿಂದ ಈಚಿನ ಪ್ರೊಸೆಸರ್ ಕೇಳುವುದು ಇದಕ್ಕಾಗಿಯೇ. ನಿಮ್ಮ 2600 ಆ ಪಟ್ಟಿಯಲ್ಲಿಲ್ಲ. ಕೊಳ್ಳುವ ಮೊದಲು ಒಂದು ಸಲ ಕಣ್ಣಾಡಿಸಬಹುದಿತ್ತು, ಇರಲಿ.

ಕೆಲವು ಮದರ್‌ಬೋರ್ಡ್‌ಗಳು 2600 ಇದ್ದರೂ ಈ ಆಯ್ಕೆ ತೋರಿಸುತ್ತವೆ. ಡಿವೈಸ್ ಮ್ಯಾನೇಜರ್‌ನಲ್ಲಿ ನಿಮ್ಮ ಕಾರ್ಡ್ ತೆರೆದು ರಿಸೋರ್ಸಸ್ ಭಾಗ ನೋಡಿ. 'ಲಾರ್ಜ್ ಮೆಮೊರಿ ರೇಂಜ್' ಎಂಬ ಸಾಲಿದ್ದರೆ ಕಿಟಕಿ ತೆರೆದಿದೆ. ಇಲ್ಲದಿದ್ದರೆ ಬಯೋಸ್‌ಗೆ (ಪಿಸಿ ಶುರುವಾಗುವಾಗ ಮೊದಲು ಓಡುವ ಬೋರ್ಡಿನ ತಂತ್ರಾಂಶ) ಹೋಗಿ ಸಿಎಸ್‌ಎಂ (ಹಳೆಯ ಬೂಟ್ ಕ್ರಮ) ಆಫ್, ಎಬೋವ್ 4ಜಿ ಡಿಕೋಡಿಂಗ್ ಆನ್, ರೀಸೈಜಬಲ್ ಬಾರ್ ಆನ್.

ಅವಸರ ಬೇಡ. ಹಳೆಯ ಪಿಸಿಗಳಲ್ಲಿ ಡಿಸ್ಕ್ ಎಂಬಿಆರ್ ಎಂಬ ಹಳೆಯ ಮಾದರಿಯಲ್ಲಿರುವುದು ಸಾಮಾನ್ಯ. ಹಾಗಿದ್ದಾಗ ಸಿಎಸ್‌ಎಂ ಆಫ್ ಮಾಡಿದ ಕ್ಷಣ ವಿಂಡೋಸ್ ಏಳುವುದಿಲ್ಲ. ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಎಂಬ ಸಾಧನದಿಂದ ಮೊದಲು ಡಿಸ್ಕನ್ನು ಜಿಪಿಟಿ ಎಂಬ ಹೊಸ ಮಾದರಿಗೆ ಬದಲಿಸಿ. ಅದಕ್ಕೂ ಮೊದಲು ಫೈಲ್‌ಗಳ ನಕಲು ಬೇರೆ ಡಿಸ್ಕಿನಲ್ಲಿರಲಿ, ಬಿಟ್‌ಲಾಕರ್ ಎಂಬ ಡಿಸ್ಕ್ ಬೀಗ ಇದ್ದರೆ ರಿಕವರಿ ಕೀ ಕಾಗದದ ಮೇಲೆ ಬರೆದಿರಲಿ. ಕಾಗದದ ಮೇಲೆ, ಅದೇ ಪಿಸಿಯ ಡೆಸ್ಕ್‌ಟಾಪ್ ಮೇಲಲ್ಲ. ಈ ಬುದ್ಧಿ ನನಗೆ ಬಂದದ್ದು ಇಡೀ ಒಂದು ಭಾನುವಾರ ಕಳೆದುಕೊಂಡ ಮೇಲೆ.

ಬೋರ್ಡ್‌ನಲ್ಲಿ ಆಯ್ಕೆಯೇ ಇಲ್ಲದಿದ್ದರೆ ಯಾರೋ ತಿದ್ದಿದ ಬಯೋಸ್ ತುಂಬಿಸಿ ಎನ್ನುವ ಪಂಡಿತರು ವಿಡಿಯೊಗಳಲ್ಲಿ ಸಿಗುತ್ತಾರೆ. ಅರ್ಧಕ್ಕೆ ನಿಂತರೆ ಬೋರ್ಡೇ ಸತ್ತುಹೋಗುತ್ತದೆ, ಆಗ ಆ ಪಂಡಿತರು ಫೋನ್ ಎತ್ತುವುದಿಲ್ಲ. ಚಿಪ್ ಬಿಚ್ಚಿ ಪ್ರೋಗ್ರಾಮರ್ ಎಂಬ ಉಪಕರಣದಿಂದ ಮತ್ತೆ ಬರೆಯಬಲ್ಲವರು ಆ ಆಟ ಆಡಲಿ.

ಪ್ರೊಸೆಸರ್ ಬದಲಿಸುವವರೆಗೆ ಏನು ಮಾಡಬೇಕು? ಫ್ರೇಮ್ ಕಡಿಮೆಯಾದರೆ ಎಲ್ಲರೂ ಸೆಟ್ಟಿಂಗ್ ಇಳಿಸುತ್ತಾರೆ. ನೀವು ಏರಿಸಿ. ಕಾರ್ಡ್ ಹೇಗೂ ಖಾಲಿ ಕೂತಿದೆ. 1440ಪಿ ಮಾನಿಟರ್ ಇದ್ದರೆ ಬಳಸಿ, ಟೆಕ್ಸ್‌ಚರ್ ಪೂರ್ತಿ ಏರಿಸಿ, ಫ್ರೇಮ್ ಹೆಚ್ಚೇನೂ ಬೀಳುವುದಿಲ್ಲ. ಇಳಿಸಬೇಕಾದದ್ದು ಜನಸಂದಣಿ, ದೂರದ ದೃಶ್ಯ ಇಂಥ ಪ್ರೊಸೆಸರ್ ತಿನ್ನುವ ಸೆಟ್ಟಿಂಗ್‌ಗಳನ್ನು. ರೇ ಟ್ರೇಸಿಂಗ್ ಕೂಡ ಪ್ರೊಸೆಸರ್‌ಗೆ ಭಾರವೇ. ಆಮೇಲೆ, ನಿಮ್ಮ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಸಾಕೆಟ್ ಎಎಂ4. ಬೋರ್ಡಿನ ಕಂಪನಿ ಒಪ್ಪಿದರೆ ಅದೇ ಬೋರ್ಡ್‌ನಲ್ಲಿ ರೈಜನ್ 7 5700ಎಕ್ಸ್3ಡಿ ಕೂರುತ್ತದೆ. ಬಯೋಸ್ ಅಪ್‌ಡೇಟನ್ನು 2600 ಇರುವಾಗಲೇ ಮುಗಿಸಿ. ಹೊಸದನ್ನು ಕೂರಿಸಿದ ಮೇಲೆ ಪರದೆ ಕಪ್ಪಾಗಿದೆ ಎಂದು ನನಗೆ ಬರೆಯಬೇಡಿ.

ಡ್ರೈವರ್ ಸುಧಾರಿಸುತ್ತದೆ, ಅದು ಸುಳ್ಳಲ್ಲ. ಮೊದಲ ಆರ್ಕ್ ಕಾರ್ಡುಗಳಿಗೆ ಹಳೆಯ ಗೇಮ್‌ಗಳು ಆಜ್ಞೆ ಕೊಡುವ ಭಾಷೆಯಾದ ಡೈರೆಕ್ಟ್‌ಎಕ್ಸ್ 9 ನೇರವಾಗಿ ಬರುತ್ತಲೇ ಇರಲಿಲ್ಲ. ಹಳೆಯ ಗೇಮ್‌ಗಳ ಆಜ್ಞೆಯನ್ನು ಡೈರೆಕ್ಟ್‌ಎಕ್ಸ್ 12ಕ್ಕೆ ತಿರುಗಿಸಿ ಓಡಿಸುತ್ತಿದ್ದರು. 2022ರ ಡಿಸೆಂಬರ್‌ನ ಡ್ರೈವರ್ ಬಂದಾಗ ಕೌಂಟರ್‌ಸ್ಟ್ರೈಕ್‌ನಂಥ ಗೇಮ್‌ಗಳು ನಿಜಕ್ಕೂ ಚುರುಕಾದವು. ಆದರೆ ಯಾವ ಡ್ರೈವರ್ ಬಂದರೂ 2600 ಮಾತ್ರ 2600 ಆಗಿಯೇ ಇರುತ್ತದೆ.

ಪ್ರಶ್ನೆ: ಡ್ರೈವರ್‌ಗಳನ್ನು ತಾನೇ ಹುಡುಕಿ ಅಪ್‌ಡೇಟ್ ಮಾಡುವ ಸಾಫ್ಟ್‌ವೇರ್ ಯಾವುದು ಒಳ್ಳೆಯದು?

ಯಾವುದೂ ಅಲ್ಲ. ಕಿತ್ತುಹಾಕಿ.

ಪ್ರಶ್ನೆ: ಪ್ರತಿ ಅಪ್‌ಡೇಟಿಗೂ ಮೊದಲು ಡಿಡಿಯು (ಹಳೆಯ ಡ್ರೈವರನ್ನು ಬುಡಸಮೇತ ಕಿತ್ತುಹಾಕುವ ಸಾಧನ) ಓಡಿಸಬೇಕೇ?

ಬೇಡ. ಒಂದು ಕಂಪನಿಯ ಕಾರ್ಡ್ ತೆಗೆದು ಇನ್ನೊಂದು ಕಂಪನಿಯದನ್ನು ಹಾಕುವಾಗ, ಇಲ್ಲವೇ ಡ್ರೈವರ್ ಇನ್‌ಸ್ಟಾಲ್ ಅರ್ಧಕ್ಕೆ ಕೆಟ್ಟಾಗ ಮಾತ್ರ. ಅದೂ ಸೇಫ್ ಮೋಡ್‌ನಲ್ಲಿ, ಇಂಟರ್ನೆಟ್ ಕೇಬಲ್ ಕಿತ್ತಿಟ್ಟು. ಕಿತ್ತಿಡದಿದ್ದರೆ ನೀವು ರೀಸ್ಟಾರ್ಟ್ ಮಾಡುವಷ್ಟರಲ್ಲಿ ವಿಂಡೋಸ್ ಅಪ್‌ಡೇಟ್ ತನ್ನದೊಂದು ಹಳೆಯ ಡ್ರೈವರ್ ತುರುಕಿರುತ್ತದೆ.

ಪ್ರಶ್ನೆ: ಆರ್‌ಎಕ್ಸ್ 6500 ಎಕ್ಸ್‌ಟಿ ನನ್ನ ಹಳೆಯ ಬೋರ್ಡ್‌ನಲ್ಲಿ ತೀರಾ ನಿಧಾನ. ಯಾವ ಡ್ರೈವರ್ ಹಾಕಲಿ?

ಆ ಕಾರ್ಡಿಗೆ ಇರುವುದೇ ನಾಲ್ಕು ಪಿಸಿಐಇ ಲೇನ್ (ಕಾರ್ಡಿಗೂ ಬೋರ್ಡಿಗೂ ನಡುವಿನ ಮಾಹಿತಿಯ ದಾರಿ). ಪಿಸಿಐಇ 4.0 ಬೋರ್ಡ್‌ನಲ್ಲಿ ಹೇಗೋ ಸಾಗುತ್ತದೆ, 3.0 ಆದರೆ ದಾರಿ ಅರ್ಧವಾಗುತ್ತದೆ, 4 ಜಿಬಿ ಮೆಮೊರಿ ತುಂಬಿದೊಡನೆ ಉಸಿರು ಕಟ್ಟುತ್ತದೆ. ಇದಕ್ಕೆ ಡ್ರೈವರ್ ಮದ್ದಲ್ಲ. ಟೆಕ್ಸ್‌ಚರ್ ಇಳಿಸಿ.

ಪ್ರಶ್ನೆ: ಆರ್‌ಟಿಎಕ್ಸ್ 5060 ಹಾಕಿದ ಮೇಲೆ ರೀಸ್ಟಾರ್ಟ್ ಮಾಡಿದಾಗಲೆಲ್ಲ ಪರದೆ ಕಪ್ಪು. ಕಾರ್ಡ್ ಸುಟ್ಟಿದೆ, ವಾಪಸ್ ಕೊಡಿ ಎಂದು ಗೆಳೆಯರು ಹೇಳುತ್ತಾರೆ.

ಗೆಳೆಯರು ಸುಮ್ಮನಿರಲಿ. ಬೋರ್ಡ್ ಲೆಗಸಿ ಎಂಬ ಹಳೆಯ ಬೂಟ್ ಮೋಡ್‌ನಲ್ಲಿದ್ದರೆ ಯುಇಎಫ್‌ಐ ಎಂಬ ಹೊಸದಕ್ಕೆ ಬದಲಿಸಿ, ಬಯೋಸ್ ಹೊಸದಾಗಿರಲಿ. ಇದೇ ತೊಂದರೆಗೆಂದು ಎನ್ವಿಡಿಯಾ 2025ರಲ್ಲಿ ಫರ್ಮ್‌ವೇರ್ (ಕಾರ್ಡಿನೊಳಗಿನ ತಂತ್ರಾಂಶ) ಅಪ್‌ಡೇಟ್ ಸಾಧನವನ್ನೇ ಬಿಟ್ಟಿದೆ. ಅದನ್ನು ಕಂಪನಿಯ ತಾಣದಿಂದಲೇ ಇಳಿಸಿಕೊಳ್ಳಿ. ಓಡುವಾಗ ಕರೆಂಟ್ ಹೋಗದಂತೆ ಯುಪಿಎಸ್ ಇದ್ದರೆ ಒಳ್ಳೆಯದು. ನಾನಾದರೆ ಯುಪಿಎಸ್ ಇಲ್ಲದೆ ಮುಟ್ಟುವುದಿಲ್ಲ.

ಪ್ರಶ್ನೆ: ಲಿನಕ್ಸ್‌ನಲ್ಲಿ ಬಿ580 ನಡೆಯುತ್ತದೆಯೇ?

ಕರ್ನಲ್ (ಲಿನಕ್ಸ್‌ನ ತಿರುಳು) 6.12 ಅಥವಾ ಮೇಲಿದ್ದು ಮೆಸಾ (ಲಿನಕ್ಸ್‌ನ ಗ್ರಾಫಿಕ್ಸ್ ಡ್ರೈವರ್‌ಗಳ ಕಟ್ಟು) ಕೂಡ ಹೊಸದಿದ್ದರೆ ನಡೆಯುತ್ತದೆ.

ಪ್ರಶ್ನೆ: ನನ್ನ ಆರ್ಕ್ ಎ750 ಸುಮ್ಮನಿದ್ದಾಗಲೂ ಬಹಳ ವಿದ್ಯುತ್ ಎಳೆಯುತ್ತದೆ. ಇದಾದರೂ ಡ್ರೈವರ್ ತಪ್ಪು ತಾನೇ?

ಅಲ್ಲ. ಬಯೋಸ್‌ನಲ್ಲಿ ಎಎಸ್‌ಪಿಎಂ (ಸುಮ್ಮನಿರುವ ಪಿಸಿಐಇ ದಾರಿಯಲ್ಲಿ ವಿದ್ಯುತ್ ಉಳಿಸುವ ಸೌಲಭ್ಯ) ಆನ್ ಮಾಡಿ ಎಲ್1 ಆರಿಸಿ. ವಿಂಡೋಸ್ ಪವರ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಟೇಟ್ ಪವರ್ ಮ್ಯಾನೇಜ್‌ಮೆಂಟ್ ಎಂಬುದನ್ನು ಗರಿಷ್ಠ ಉಳಿತಾಯಕ್ಕೆ ಇಡಿ. ಎರಡರಲ್ಲಿ ಒಂದನ್ನೇ ಮಾಡಿ "ಏನೂ ಬದಲಾಗಲಿಲ್ಲ" ಎಂದು ಮತ್ತೆ ಬರೆಯುವವರಿದ್ದಾರೆ. ಎರಡೂ ಬೇಕು.